ಎ ಸೈಡ್ ಭಾವನದು, ಬಿ ಸೈಡ್ ನನ್ನದು

ನಮ್ಮ ಕಡೆ ಭಾವ-ಭಾಮೈದರ ನಡುವೆ ಮನಸ್ತಾಪ ಬಂದರೆ ಕಾರಣ ಹುಡುಕುವುದು ಕಷ್ಟವಲ್ಲ. ಜಮೀನು, ಮದುವೆಯಲ್ಲಿ ಹಾಕಿದ ಬಂಗಾರ, ಹಬ್ಬಕ್ಕೆ ಸರಿಯಾಗಿ ಕರೆಯಲಿಲ್ಲ ಎಂಬ ಮಾತು. ನನಗೂ ನನ್ನ ಭಾವನಿಗೂ ಇವು ಯಾವುವೂ ಇರಲಿಲ್ಲ. ನಾವು ಜಗಳವಾಡಿದ್ದು ಇಂಗ್ಲಿಷ್ ರಾಕ್ ಬ್ಯಾಂಡುಗಳ ವಿಷಯಕ್ಕೆ. ಹೇಳಿದರೆ ನೆಂಟರು ಈಗಲೂ ನಗುತ್ತಾರೆ. ಭಾವ ತೀರಿಹೋಗುವವರೆಗೆ ನಾನೂ ನಗುತ್ತಿದ್ದೆ.

ಅಕ್ಕನನ್ನು ಭದ್ರಾವತಿಯ ಓಲ್ಡ್ ಟೌನ್‌ಗೆ ಕೊಟ್ಟದ್ದು ತೊಂಬತ್ತರ ದಶಕದ ಆರಂಭದಲ್ಲಿ. ನಾವು ಶಿವಮೊಗ್ಗದವರು. ನಾನು ಪಿಯುಸಿ ಮುಗಿಸಿ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಗೆ ಸೇರಿದ್ದೆ. ಭಾವ ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು. ಕೆಂಪಗೆ ಕಾಯಿಸಿದ ಕಬ್ಬಿಣವನ್ನು ದೊಡ್ಡ ಹ್ಯಾಮರ್ ಯಂತ್ರದ ಕೆಳಗಿಟ್ಟು ಬಡಿದು, ಟ್ರ್ಯಾಕ್ಟರಿನ ಬಿಡಿಭಾಗಗಳನ್ನು ಮಾಡುವ ಜಾಗ ಅದು. ಮದುವೆಯ ಮಾತುಕತೆಯಲ್ಲಿ ನಮ್ಮ ಅಪ್ಪ, 'ಹುಡುಗ ಜೋರಾಗಿ ಮಾತಾಡ್ತಾನೆ, ಮುಚ್ಚುಮರೆ ಇಲ್ಲ' ಎಂದು ಮೆಚ್ಚಿಕೊಂಡಿದ್ದರು. ಭಾವನ ಕೇರಿಯಲ್ಲಿ ಎಲ್ಲರೂ ಜೋರಾಗಿ ಮಾತಾಡುವವರೇ ಎಂಬುದು ಆಮೇಲೆ ತಿಳಿಯಿತು. ಅಲ್ಲಿನ ಗಂಡಸರು ಒಂದಲ್ಲ ಒಂದು ಯಂತ್ರದ ಪಕ್ಕ ನಿಂತು ದುಡಿಯುವವರು. ಕನ್ನಡ, ತಮಿಳು, ತೆಲುಗು ಯಾವುದನ್ನಾದರೂ ಅವರು ಬೀದಿಯ ಆಚೆ ಬದಿಗೆ ಕೇಳುವಂತೆಯೇ ಆಡುತ್ತಿದ್ದರು. ಮೊದಲ ಸಲ ಹೋದಾಗ ಪಕ್ಕದ ಮನೆಯಲ್ಲಿ ಜಗಳ ಎಂದುಕೊಂಡು ನಾನು ಎದ್ದು ನಿಂತಿದ್ದೆ. ಅವರು ಮಗುವಿಗೆ ಊಟ ಮಾಡು ಎನ್ನುತ್ತಿದ್ದರು ಅಷ್ಟೇ.

ಮದುವೆಯ ನಂತರದ ಮೊದಲ ದೀಪಾವಳಿಗೆ ಭಾವ ಹೊಸ ಅಳಿಯನಾಗಿ ಶಿವಮೊಗ್ಗಕ್ಕೆ ಬಂದರು. ಹೊಸ ಅಳಿಯನನ್ನು ಊರು ತಿರುಗಿಸುವ ಕೆಲಸ ಭಾಮೈದನದು. ಸುತ್ತಾಡುತ್ತ ದುರ್ಗಿಗುಡಿಯ ಒಂದು ಕ್ಯಾಸೆಟ್ ಅಂಗಡಿಯ ಮುಂದೆ ನಿಂತೆವು. ಅಪ್ಪನಿಗೆ ವಚನದ ಕ್ಯಾಸೆಟ್ ಒಂದು ಬೇಕಿತ್ತು. ಒಳಗೆ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಯಾವುದೋ ಕ್ಯಾಸೆಟ್ ತಂದುಕೊಟ್ಟು ಪ್ರತಿ ಮಾಡಿಸುತ್ತಿದ್ದರು. ಅದು ಸ್ಪೀಕರಿನಲ್ಲಿ ಓಡುತ್ತಿತ್ತು. ಹಾಡು ಎಂದುಕೊಂಡರೆ ಹಾಡಿಲ್ಲ. ಬಹಳ ಹೊತ್ತು ಒಂದು ಗಿಟಾರು ತನ್ನಷ್ಟಕ್ಕೆ ಏನೋ ನೆನಪಿಸಿಕೊಳ್ಳುವ ಹಾಗೆ ನುಡಿಯಿತು. ಹಿಂದೆ ಗಾಳಿಯಂತಹ ಒಂದು ಸದ್ದು. ಆಮೇಲೆ ಡ್ರಮ್ಸ್ ಬಂತು, ತಾಳ ಬದಲಾಯಿತು, ಮತ್ತೆ ಬದಲಾಯಿತು.

'ಈ ಡ್ರಮ್ ಬಂತಲ್ಲ, ಅಲ್ಲಿಂದ ಹಾಡು' ಎಂದರು ಭಾವ.

'ಡ್ರಮ್ ಬರೋ ತನಕ ಇದ್ದಿದ್ದೇ ಹಾಡು ಭಾವ' ಎಂದೆ ನಾನು.

ಅವರು ನನ್ನನ್ನು ಆ ದಿನ ಮೊದಲ ಬಾರಿಗೆ ಸರಿಯಾಗಿ ನೋಡಿದರು ಎನಿಸುತ್ತದೆ. ಅಂಗಡಿಯವನ ಕಡೆ ತಿರುಗಿ, 'ಇದರಲ್ಲಿ ಸುಂಯ್ ಅಂತ ಒಂದು ಸದ್ದು ಬರ್ತಿದೆ, ನಿಮ್ಮ ಟೇಪಿನ ಹೆಡ್ ಕ್ಲೀನ್ ಮಾಡ್ಸಿ' ಎಂದೂ ಹೇಳಿದರು. ಆ ಸದ್ದು ನನಗೆ ಕೇಳಿಸಿರಲಿಲ್ಲ. ಈ ಮಾತನ್ನು ನಾನು ಈಗೀಗ ಬಹಳ ಸಲ ನೆನೆಯುತ್ತೇನೆ.

ಅಂದೇ ನಮ್ಮ ಪದ್ಧತಿ ಶುರುವಾಯಿತು. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ ಒಂದು ಕೊಳ್ಳುವುದು. ಎ ಸೈಡ್ ಭಾವನ ಆಯ್ಕೆ, ಬಿ ಸೈಡ್ ನನ್ನದು. ಕಾಲೇಜಿನ ಹುಡುಗರು ಊರಿಂದ ತರುವ ಕ್ಯಾಸೆಟ್‌ಗಳಿಂದ ಅಂಗಡಿಯವನು ತುಂಬಿಸಿಕೊಡುತ್ತಿದ್ದ. ನಾನು ಭಾನುವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಭದ್ರಾವತಿಯ ಬಸ್ ಹತ್ತುತ್ತಿದ್ದೆ. ಕ್ಯಾಸೆಟ್ ಒಂದು ವಾರ ಅವರ ಮನೆಯಲ್ಲಿ, ಒಂದು ವಾರ ನಮ್ಮ ಮನೆಯಲ್ಲಿ. ಒಬ್ಬೊಬ್ಬರೂ ಎರಡೂ ಸೈಡ್ ಕೇಳಲೇಬೇಕು, ಕೇಳಿ ಭಾನುವಾರ ಅಭಿಪ್ರಾಯ ಹೇಳಲೇಬೇಕು. ಕೇಳದೆ ಬೈಯುವ ಹಾಗಿಲ್ಲ. ಈ ನಿಯಮ ಮಾಡಿದ್ದು ಭಾವನೇ.

ಬ್ಯಾಂಡುಗಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾವು ಆ ಹೆಸರುಗಳನ್ನು ಸರಿಯಾಗಿ ಉಚ್ಚರಿಸುತ್ತಿದ್ದೆವು ಎಂಬ ನಂಬಿಕೆಯೂ ನನಗಿಲ್ಲ. ಅಂಗಡಿಯವನು ಬಾಲ್ ಪೆನ್ನಿನಲ್ಲಿ ಕವರಿನ ಮೇಲೆ ಬರೆದುಕೊಡುತ್ತಿದ್ದದ್ದೂ ತಪ್ಪೇ ಇರುತ್ತಿತ್ತು. ಹಾಡಿನ ಮಾತುಗಳು ಅರ್ಧ ತಿಳಿಯುತ್ತಿರಲಿಲ್ಲ, ತಿಳಿದ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ನಾವು ನಮ್ಮದೇ ಹೆಸರಿಟ್ಟುಕೊಂಡಿದ್ದೆವು. ಭಾವನ ಬ್ಯಾಂಡುಗಳಿಗೆ ನಾನಿಟ್ಟ ಹೆಸರು 'ಮಗ್ಗಿಯವರು'. ಏಳರಲ್ಲಿ ಶುರುಮಾಡಿ, ಮಧ್ಯೆ ಐದಕ್ಕೆ ಜಿಗಿದು, ಹನ್ನೊಂದಕ್ಕೆ ಹೋಗಿ, ಒಂದು ಎಣಿಕೆಯೂ ತಪ್ಪದೆ ಎಲ್ಲರೂ ಒಟ್ಟಿಗೆ ಬಂದು ನಿಲ್ಲುವವರು. ನನ್ನವರಿಗೆ ಭಾವ ಇಟ್ಟ ಹೆಸರು 'ಕನ್ನಡಕ ಕಳ್ಕೊಂಡವರು'. ಅವರದು ಒಂದೇ ಸ್ವರ ಹಿಡಿದು, ಅದರ ಪ್ರತಿಧ್ವನಿ ಮುಗಿಯಲು ಕಾದು, ಇನ್ನೊಂದಕ್ಕೆ ಕೈ ಹಾಕುವ ಸಂಗೀತ.

'ಏನು ಭಾವ, ನಿಮ್ಮ ಮಗ್ಗಿಯವರು ಈ ವಾರ ಎಷ್ಟರ ತನಕ ಬಂದ್ರು?'

'ಹದಿಮೂರರ ಮಗ್ಗಿ. ನಿನ್ನ ಕನ್ನಡಕದವರಿಗೆ ಬಾಗಿಲು ಸಿಕ್ತಾ?'

'ಅವರಿಗೇನೂ ಅವಸರ ಇಲ್ಲ.'

'ಅದೇ ನಾನೂ ಹೇಳಿದ್ದು. ಗೋಡೆ ತಡವ್ಕೊಂಡು ಹೋಗ್ತಾನೇ ಇರ್ತಾರೆ. ಯಾರಾದ್ರೂ ಲೈಟ್ ಹಾಕ್ಬಾರ್ದಾ ಮಾರಾಯ?'

ಅಕ್ಕ ಒಳಗಿನಿಂದ, 'ರೊಟ್ಟಿ ಆರಿ ಹೋಗ್ತಿದೆ. ತಿನ್ನೋಕೆ ಬ್ಯಾಂಡಿನವರು ಬರಲ್ಲ, ನೀವೇ ಬರ್ಬೇಕು' ಎನ್ನುತ್ತಿದ್ದಳು.

ಭಾವನಿಗೆ ಆ ಬೆಸ ತಾಳಗಳು ಯಾಕೆ ಹಿಡಿಸಿದವು ಎಂದು ಒಮ್ಮೆ ಕೇಳಿದ್ದೆ. ಅವರು ಮಂಡಕ್ಕಿ ಮೆಲ್ಲುತ್ತ, 'ಬೆಳಿಗ್ಗೆಯಿಂದ ಸಂಜೆ ತನಕ ಹ್ಯಾಮರ್ ಒಂದೇ ತಾಳ ಹೊಡೀತಿರುತ್ತೆ. ಧಡ್, ಧಡ್. ಅದಕ್ಕೆ ಒಂದು ಬಿಟ್ರೆ ಎರಡು ಗೊತ್ತಿಲ್ಲ. ಮನೆಗೆ ಬಂದಾಗಲಾದ್ರೂ ಏಳು ಇದೆ ಅಂತ ಗೊತ್ತಾಗ್ಬೇಡ್ವಾ?' ಎಂದರು. ನನ್ನ ಕಥೆಯೂ ಹಾಗೆಯೇ ಇತ್ತು. ಇಡೀ ದಿನ ಸೀರೆ ಬಿಚ್ಚಿ ಹಾಸಿ, ಚೌಕಾಸಿ ಕೇಳಿ, ಮತ್ತೆ ಮಡಿಸಿ ಇಡುವವನಿಗೆ ಯಾರೂ ಏನೂ ಕೇಳದ, ಏನೂ ಎಣಿಸದ ಸಂಗೀತ ಬೇಕಿತ್ತು.

ಹೀಗೆ ಕೆಲವು ವರ್ಷ ನಡೆಯಿತು. ಅಕ್ಕನಿಗೆ ಮಗಳು ಹುಟ್ಟಿದಳು, ನಡೆದಾಡುವಂತಾದಳು. ಕ್ಯಾಸೆಟ್‌ಗಳು ಒಂದು ರಟ್ಟಿನ ಪೆಟ್ಟಿಗೆ ತುಂಬಿದವು.

ಒಂದು ಭಾನುವಾರ ನಾನು ಚಪ್ಪಲಿ ಬಿಡುವಷ್ಟರಲ್ಲೇ ಭಾವ ಕ್ಯಾಸೆಟ್ ಎತ್ತಿ ತೋರಿಸಿದರು.

'ಅಂಗಡಿಯವನು ನಿನಗೆ ಟೋಪಿ ಹಾಕಿದಾನೆ ಮಾರಾಯ. ಬಿ ಸೈಡ್ ಮೊದಲೆಲ್ಲ ಖಾಲಿ ಬಿಟ್ಟಿದಾನೆ. ಹಾಡು ಶುರುವಾಗೋ ಹೊತ್ತಿಗೆ ನನ್ನ ಕಾಫಿ ಮುಗಿದಿತ್ತು.'

ನಾನು ಹೊಟ್ಟೆ ಹಿಡಿದು ನಕ್ಕೆ. ಅಲ್ಲಿ ಖಾಲಿ ಇರಲಿಲ್ಲ. ಆ ವಾರ ನಾನು ಬಹಳ ಮೆಚ್ಚಿ ಹಾಕಿಸಿದ್ದ ಹಾಡು ಅದು. ದೂರದಲ್ಲಿ ಸಣ್ಣ ಗಂಟೆಗಳ ಹಾಗೆ ಗಿಟಾರು, ಅದರ ಮೇಲೆ ಪಿಸುಮಾತು, ಮತ್ತೆ ಗಂಟೆ. ಅದನ್ನು 'ಖಾಲಿ' ಎನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ ಎಂದುಕೊಂಡೆ. ಭಾವ ನನ್ನ ನಗು ನೋಡಿ ಒಂದು ಕ್ಷಣ ತಡೆದು, ತಾವೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ. ಅವಳಿಗೆ ನಮ್ಮ ಹಾಸ್ಯ ಸಾಕಾಗಿರಬೇಕು ಎಂದುಕೊಂಡೆ. ಬಿ ಸೈಡ್ ಖಾಲಿ ಎಂಬ ಮಾತನ್ನು ನಾನು ಶಿವಮೊಗ್ಗಕ್ಕೆ ತಂದು ಅಪ್ಪನಿಗೆ ಹೇಳಿದೆ, ಅಂಗಡಿಯವನಿಗೆ ಹೇಳಿದೆ, ಕಾಲೇಜಿನ ಹುಡುಗರಿಗೆ ಹೇಳಿದೆ. ನಮ್ಮ ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತಿದ್ದರೆ 'ಏನು, ಬಿ ಸೈಡಾ?' ಎನ್ನುವುದು ರೂಢಿಯಾಯಿತು.

ಅದಾದ ಮೇಲೆ ಭಾವ ನನ್ನ ಸೈಡನ್ನು ಹಿಂದಿಗಿಂತ ಹೆಚ್ಚು ಗಮನವಿಟ್ಟು ಕೇಳತೊಡಗಿದರು. ಅವರ ಟೀಕೆಯ ರೀತಿಯೇ ಬದಲಾಯಿತು.

'ಎರಡನೇ ಹಾಡಲ್ಲಿ ಒಂದು ಸದ್ದು ಬರುತ್ತಲ್ಲ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ಎಷ್ಟು ಹೊತ್ತು ಕೇರ್ತಾರೆ ಅವರು? ಕಲ್ಲು ಸಿಗ್ಲೇ ಇಲ್ವಾ?'

ಇನ್ನೊಂದು ಸಲ, 'ಹಾಲು ಉಕ್ಕೋಕೆ ಮುಂಚೆ ಪಾತ್ರೆ ಅಂಚಲ್ಲಿ ಒಂದು ಸದ್ದು ಬರುತ್ತೆ ನೋಡು. ಅದನ್ನೇ ಹಾಡು ಮಾಡಿದಾರೆ. ಉಕ್ಕಿದ್ದೂ ಇಲ್ಲ, ಇಳಿಸಿದ್ದೂ ಇಲ್ಲ.' ಮತ್ತೊಂದು ಸಲ ಒಬ್ಬ ಹಾಡುಗಾರನ ಬಗ್ಗೆ, 'ಮಗು ಮಲಗಿಸಿ ಬಾಗಿಲು ಮುಂದೆ ಮಾಡ್ಕೊಂಡು ಬರ್ತೀವಲ್ಲ, ಹಾಗೆ ಹಾಡ್ತಾನೆ. ಎದ್ದುಬಿಟ್ರೆ ಅಂತ ಹೆದರಿಕೆ ಅವನಿಗೆ.'

ಈ ಮಾತುಗಳು ಎಷ್ಟು ನಿಜವಾಗಿದ್ದವೆಂದರೆ, ಆ ಹಾಡು ಮತ್ತೆ ಕೇಳುವಾಗ ನನಗೆ ಮೊರ ಕಾಣುತ್ತಿತ್ತು, ಹಾಲಿನ ಪಾತ್ರೆ ಕಾಣುತ್ತಿತ್ತು. ಬೈದರೂ ಇಷ್ಟು ಚೆನ್ನಾಗಿ ಕೇಳಿದ್ದಾರಲ್ಲ ಎಂದು ಒಳಗೊಳಗೆ ಹೆಮ್ಮೆ. ಹ್ಯಾಮರಿನ ಕೆಳಗೆ ಕಬ್ಬಿಣ ತಿರುಗಿಸುವ ಮನುಷ್ಯನಿಗೆ ಮೊರ, ಹಾಲು, ಮಗು ಮಲಗಿಸುವ ಬಾಗಿಲು ಎಲ್ಲಿಂದ ಬಂದವು ಎಂದು ನಾನು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳಬೇಕಿತ್ತು.

ದಶಕದ ಕೊನೆಗೆ ನಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅಕ್ಕ ಮಗಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದು ಹಲವು ತಿಂಗಳು ನಮ್ಮ ಜೊತೆಗೇ ಇದ್ದಳು. ಭಾವ ಓಲ್ಡ್ ಟೌನ್ ಮನೆಯಲ್ಲಿ ಒಬ್ಬರೇ. ಭಾನುವಾರಗಳಲ್ಲಿ ಈಗ ಅವರು ನಮ್ಮ ಮನೆಗೆ ಬರುತ್ತಿದ್ದರು. ಕ್ಯಾಸೆಟ್ ಅವರ ಜೇಬಿನಲ್ಲಿ ಹೋಗಿ ಅವರ ಜೇಬಿನಲ್ಲೇ ಬರುತ್ತಿತ್ತು. ಮೊದಲ ಭಾನುವಾರ ನನ್ನ ಸೈಡಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಆಸ್ಪತ್ರೆಯ ಓಡಾಟದಲ್ಲಿ ನಾನೂ ಕೇಳಲಿಲ್ಲ. ಎರಡನೆಯದಕ್ಕೂ ಏನೂ ಇಲ್ಲ. ಅದರ ಮುಂದಿನ ಸಲ, ಜಗಲಿಯ ಮೇಲೆ ಕೂತಿದ್ದಾಗ, ಕ್ಯಾಸೆಟನ್ನು ನನ್ನ ಕೈಗೆ ಕೊಟ್ಟು ಹೇಳಿದರು:

'ಇನ್ಮೇಲೆ ಎರಡೂ ಸೈಡ್ ನನ್ನವೇ ಹಾಕ್ಸಿಬಿಡು. ನಿನ್ನವು ನೀನು ಬೇರೆ ಮಾಡ್ಕೋ.'

'ಯಾಕೆ ಭಾವ?'

'ಅದರಲ್ಲಿ ಏನೂ ಇಲ್ಲ. ಸುಮ್ನೆ ಟೇಪ್ ತಿರುಗುತ್ತೆ.'

ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. ಇಷ್ಟು ವರ್ಷ ಅವರು ಬೈದದ್ದೆಲ್ಲ ಆಟ, ಈಗ ಆಡಿದ್ದು ನಿಜ ಎನಿಸಿತು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

'ನಿಮಗೆ ಬಡಿಯೋ ಸದ್ದು ಬಿಟ್ರೆ ಬೇರೆ ಏನೂ ಕೇಳ್ಸಲ್ಲ ಬಿಡಿ ಭಾವ' ಎಂದೆ.

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸ್ವಲ್ಪ ತಡವಾಗಿ ನಕ್ಕು, 'ಹೂಂ, ಹಾಗೇ ಅನ್ಕೋ' ಎಂದರು. ಒಳಗೆ ಅಕ್ಕ ಬೀನ್ಸ್ ಮುರಿಯುತ್ತಿದ್ದಳು. ಸದ್ದು ನಿಂತಿತು. ಮತ್ತೆ ಶುರುವಾಯಿತು.

ಆಮೇಲೆ ನಾನು ಎರಡು ಕ್ಯಾಸೆಟ್ ಮಾಡಿಸಿದೆ. ಅವರದು ಅವರಿಗೆ, ನನ್ನದು ನನಗೆ. ಹೀಗೆ ಮಾಡಿದರೆ ಮಾತಾಡಲು ಏನು ಉಳಿಯುತ್ತದೆ? ಕೇಳದೆ ಬೈಯುವ ಹಾಗಿಲ್ಲ ಎಂಬ ನಿಯಮವಿತ್ತಲ್ಲ, ಹಾಗಾಗಿ ಬೈಗುಳವೂ ನಿಂತಿತು. ಅಮ್ಮ ಎದ್ದು ಓಡಾಡುವಂತಾಗಿ ಅಕ್ಕ ಭದ್ರಾವತಿಗೆ ಮರಳಿದಳು. ನಾನು ಹೋಗುವುದು ತಿಂಗಳಿಗೊಮ್ಮೆಯಾಯಿತು, ಹಬ್ಬಕ್ಕೊಮ್ಮೆಯಾಯಿತು. ಸಿ.ಡಿ. ಬಂತು. ನಾನು ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಕೇಳುವುದನ್ನು ಕಲಿತೆ. ನನಗೆ ಮದುವೆಯಾಯಿತು. ಹೋದಾಗ ಭಾವ 'ಬಸ್ ಸಿಕ್ತಾ, ಸೀಟ್ ಇತ್ತಾ' ಎನ್ನುತ್ತಿದ್ದರು. ನಾನು 'ಕಾರ್ಖಾನೆ ಹೇಗಿದೆ ಭಾವ' ಎನ್ನುತ್ತಿದ್ದೆ. ಅದುವರೆಗೆ ನಾವು ಏನಾಗಿದ್ದೆವೋ ಹೇಳಲು ನನಗೆ ಬಾರದು. ಆಮೇಲೆ ನಾವು ನೆಂಟರಾದೆವು.

ಭಾವ ಹೋದದ್ದು ಒಂದು ಬೆಳಿಗ್ಗೆ. ಕೆಲಸಕ್ಕೆ ಹೊರಡುವ ಮುಂಚೆ ಎದೆನೋವೆಂದು ಕೂತವರು ಏಳಲಿಲ್ಲ. ಅಷ್ಟು ಜೋರಾಗಿ ಮಾತಾಡುವ ಕೇರಿ ಅಂದು ಎಷ್ಟು ಮೆಲ್ಲಗೆ ಮಾತಾಡಿತೆಂದರೆ, ಜಂಗಮರು ಹೇಳುತ್ತಿದ್ದುದು ಹೊರಗೆ ನಿಂತವರಿಗೂ ಕೇಳಿಸುತ್ತಿತ್ತು. ಮಣ್ಣು ಹಾಕಿ ಬಂದೆವು. ಶಿವಗಣಾರಾಧನೆ ಮುಗಿಯಿತು. ನೆಂಟರು ಹೊರಟರು. ನಾನು ಅಕ್ಕನ ಜೊತೆ ಇದ್ದು, ಬ್ಯಾಂಕು, ಪಿ.ಎಫ್. ಎಂದು ಓಡಾಡಿದೆ.

ಒಂದು ಮಧ್ಯಾಹ್ನ ಅಕ್ಕ ಬೀರುವಿನ ಮೇಲಿಂದ ರಟ್ಟಿನ ಪೆಟ್ಟಿಗೆ ಇಳಿಸಿದಳು.

'ನಿನ್ನವು ತಗೊಂಡ್ಹೋಗು. ಇಲ್ಲಿ ಯಾರು ಕೇಳ್ತಾರೆ.'

ನಾನು ಪೆಟ್ಟಿಗೆ ತೆರೆದೆ. ತೆಗೆದುಕೊಂಡು ಹೋಗುವುದು ಹೇಗೆ? ಒಂದೊಂದು ಕ್ಯಾಸೆಟಿನಲ್ಲೂ ಅರ್ಧ ಅವರದು, ಅರ್ಧ ನನ್ನದು. ಪಾಲು ಮಾಡಲು ಬಾರದ ಆಸ್ತಿ.

'ಇಲ್ಲೇ ಇರ್ಲಿ ಅಕ್ಕ. ಎ ಸೈಡ್ ಅವರದಲ್ವಾ. ನನ್ನ ಸೈಡಂತೂ ಭಾವನಿಗೆ ಇಷ್ಟ ಇರ್ಲಿಲ್ಲ.'

'ಇಷ್ಟ ಇರ್ಲಿಲ್ಲ ಅಂತ ಯಾರು ಹೇಳಿದ್ದು ನಿನಗೆ?'

'ಅವರೇ ಹೇಳಿದ್ರಲ್ಲ, ಜಗಲಿ ಮೇಲೆ. ನೀನೂ ಇದ್ದೆ.'

ಅಕ್ಕ ನೆಲದ ಮೇಲೆ ಕೂತಳು. ಸೆರಗಿನಿಂದ ಒಂದು ಕ್ಯಾಸೆಟಿನ ಧೂಳು ಒರೆಸಿದಳು.

'ಕೇಳಿಸ್ತಿರ್ಲಿಲ್ಲ ಕಣೋ ಅವರಿಗೆ' ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಹೇಳುತ್ತ ಹೋದಳು. ದಪ್ಪ ಸದ್ದು ಕೇಳುತ್ತಿತ್ತು, ತೆಳು ಸದ್ದು ಹೋಗಿಬಿಟ್ಟಿತ್ತು. ಡ್ರಮ್ ಕೇಳುತ್ತಿತ್ತು, ಗಂಟೆ ಕೇಳುತ್ತಿರಲಿಲ್ಲ. ಎದುರು ನಿಂತು ಮಾತಾಡಿದರೆ ಬಾಯಿ ನೋಡಿ ತಿಳಿಯುತ್ತಿದ್ದರು, ಬೆನ್ನ ಹಿಂದಿನ ಮಾತು ಇಲ್ಲ. ಎಲ್ಲರೂ ಕೂಗಿ ಮಾತಾಡುವ ಆ ಕೇರಿಯಲ್ಲಿ ಇದು ಯಾರಿಗೂ ಗೊತ್ತಾಗಲಿಲ್ಲ. ಅವಳಿಗೇ ಗೊತ್ತಾದದ್ದು ಆ ಭಾನುವಾರ, ಬಿ ಸೈಡ್ ಖಾಲಿ ಎಂದು ಅವರು ಕ್ಯಾಸೆಟ್ ಎತ್ತಿ ತೋರಿಸಿದಾಗ.

'ಅಡುಗೆಮನೆಗೆ ನನಗೆ ಕೇಳ್ತಿತ್ತು ಆ ಹಾಡು. ನೀನು ನಕ್ಕೆ. ಅವರಿಗೂ ಆಗಲೇ ಗೊತ್ತಾಯ್ತು, ಖಾಲಿ ಇರ್ಲಿಲ್ಲ ಅಂತ. ನೀನು ಹೋದ್ಮೇಲೆ ನನ್ನ ಕೂರ್ಸಿ ಮತ್ತೆ ಹಾಕಿದ್ರು. ಏನಾದ್ರೂ ಇದ್ಯಾ ಅಂದ್ರು. ಇದೆ ಅಂದೆ. ಟೇಪ್ ಹಿಂದೆ ಓಡ್ಸಿ ಮೊದಲಿಂದ ಹಾಕಿದ್ರು. ಆಮೇಲೆ, ಹೇಗಿದೆ ಹೇಳು ಮಾರಾಯ್ತಿ ಅಂದ್ರು.'

ಅಲ್ಲಿಂದ ಪ್ರತಿ ಕ್ಯಾಸೆಟಿನಲ್ಲೂ ಅಕ್ಕ ನನ್ನ ಬಿ ಸೈಡ್ ಕೇಳಿದಳು. ಟೇಪ್ ರೆಕಾರ್ಡರ್ ಮಧ್ಯೆ, ಅವಳ ಎದುರು ಭಾವ. ಎಲ್ಲಿ ಏನು ಬರುತ್ತಿದೆ ಎಂದು ಅವಳು ಹೇಳಬೇಕು. ಸಂಗೀತದ ಮಾತು ಅವಳಿಗೇನು ಗೊತ್ತು? ಅಕ್ಕಿ ಕೇರಿದ ಹಾಗೆ ಎಂದಳು. ಹಾಲು ಉಕ್ಕುವ ಮುಂಚಿನ ಹಾಗೆ ಎಂದಳು. ಅವರು ಅದನ್ನು ಬಾಯಿಪಾಠ ಮಾಡಿಕೊಂಡು ಭಾನುವಾರ ನನ್ನ ಜೊತೆ ಜಗಳಕ್ಕೆ ಕೂತರು. ಅಮ್ಮ ಬಿದ್ದು ಅಕ್ಕ ಶಿವಮೊಗ್ಗಕ್ಕೆ ಬಂದಾಗ ಅವರಿಗೆ ಹೇಳುವವರು ಇರಲಿಲ್ಲ.

'ನನಗೆ ಹೇಳ್ಬಹುದಿತ್ತಲ್ಲ ಅಕ್ಕ.'

'ಹೇಳ್ತೀನಿ ಅಂದೆ. ಬೇಡ ಅಂದ್ರು. ಕಾರ್ಖಾನೆಗೆ ಗೊತ್ತಾದ್ರೆ ಹ್ಯಾಮರಿಂದ ಇಳ್ಸಿ ಗೇಟಲ್ಲಿ ಕೂರಿಸ್ತಾರೆ ಅಂತ ಒಂದು. ಅದು ಬಿಡು. ನಿನಗೆ ಗೊತ್ತಾದ್ರೆ ನೀನು ಜಗಳ ಆಡೋದು ನಿಲ್ಸಿಬಿಡ್ತೀಯ ಅಂದ್ರು. ಕಿವುಡನ ಹತ್ರ ಯಾರು ಜಗಳ ಆಡ್ತಾರೆ, ಪಾಪ ಅಂತಾರೆ ಅಷ್ಟೇ, ಅಂದ್ರು.'

ನಾನು ಹೇಗೂ ಜಗಳ ನಿಲ್ಲಿಸಿದ್ದೆ.

ಆಮೇಲೆ ಹಿಂದಿನದೆಲ್ಲ ಒಂದೊಂದಾಗಿ ಬೇರೆ ರೂಪದಲ್ಲಿ ಕಾಣಿಸತೊಡಗಿತು. ಸಕ್ರೆಬೈಲಿನ ಆನೆ ಬಿಡಾರಕ್ಕೆ ಒಮ್ಮೆ ಎಲ್ಲರೂ ಹೋಗಿದ್ದೆವು. ಸ್ನಾನ ಮುಗಿಸಿ ಮೇಲೆ ಬರುತ್ತಿದ್ದ ಆನೆ ಭಾವನ ಬೆನ್ನ ಹಿಂದೆಯೇ ಬಂದಿತ್ತು. ಸರಪಳಿಯ ಸದ್ದು ನಮಗೆಲ್ಲ ಕೇಳಿಸಿತ್ತು. ಅವರು ಹೊಳೆ ನೋಡುತ್ತ ನಿಂತೇ ಇದ್ದರು. ನಾನು ತೋಳು ಹಿಡಿದು ಎಳೆದು, 'ಏನು ಭಾವ, ಆನೆಗೂ ದಾರಿ ಬಿಡಲ್ವಾ' ಎಂದು ತಮಾಷೆ ಮಾಡಿದ್ದೆ. ಇನ್ನೊಂದು ದೀಪಾವಳಿಯಲ್ಲಿ ನಾನು ಹೊಸ ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ, 'ಈಗ ಕೇಳಿ ನನ್ನವರನ್ನ' ಎಂದಿದ್ದೆ. ಅವರು ಕಣ್ಣು ಮುಚ್ಚಿ ಕೂತರು. ತೆಗೆದು ಕೊಡುವಾಗ 'ಕಿವಿ ಬಿಸಿ ಆಗುತ್ತೆ' ಎಂದರು. ಕಣ್ಣು ಮುಚ್ಚಿ ಅವರು ಏನು ಕೇಳುತ್ತಿದ್ದರು? ನಾನು ಅದನ್ನು ಅಸಡ್ಡೆ ಎಂದು ಓದಿಕೊಂಡೆ.

ಆದರೆ ಎಲ್ಲವನ್ನೂ ಕಿವಿಯ ಮೇಲೆ ಹಾಕಿ ಮುಗಿಸಲೂ ನನಗೆ ಆಗುತ್ತಿಲ್ಲ. ಮೊದಲ ದೀಪಾವಳಿಯಂದು ದುರ್ಗಿಗುಡಿಯ ಅಂಗಡಿಯಲ್ಲಿ ಅವರ ಕಿವಿ ನನ್ನದಕ್ಕಿಂತ ಚುರುಕಾಗಿತ್ತು. ನನಗೆ ಕೇಳದ ಸುಂಯ್ ಸದ್ದು ಅವರಿಗೆ ಕೇಳಿತ್ತು. ಆಗಲೂ ಅವರು ಡ್ರಮ್ ಬಂದ ಮೇಲೆಯೇ ಹಾಡು ಎಂದಿದ್ದರು. ಅದು ಅವರ ರುಚಿಯೇ. ಹ್ಯಾಮರಿನ ಒಂದೇ ತಾಳಕ್ಕೆ ಬೇಸತ್ತು ಏಳನ್ನು ಹುಡುಕಿದ್ದೂ ಅವರ ರುಚಿಯೇ. ಆ ರುಚಿ ಯಾವ ವರ್ಷದಲ್ಲಿ, ಯಾವ ಹಾಡಿನಲ್ಲಿ ಮುಗಿದು, ಬೇರೇನೂ ಕೇಳದು ಎಂಬುದು ಎಲ್ಲಿ ಶುರುವಾಯಿತು? ಗೆರೆ ಎಳೆಯಲು ನೋಡಿದ್ದೇನೆ. ಆಗುವುದಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ. ನಿನ್ನವರು ಚೆನ್ನಾಗಿಲ್ಲ ಎಂದು ಹೇಳುವಾಗ ಅವರು ಸುಳ್ಳು ಹೇಳುತ್ತಿದ್ದರು ಎಂದು ನನಗೆ ಅನಿಸುವುದಿಲ್ಲ. ನನ್ನವರು ಅವರಿಗೆ ಒಂದು ಕಾಲಕ್ಕೆ ಚೆನ್ನಾಗಿರಲಿಲ್ಲ, ಆಮೇಲೆ ಇರಲೇ ಇಲ್ಲ.

ನಾನು ಈಗ ಮಗ್ಗಿಯವರನ್ನು ಕೇಳುತ್ತೇನೆ. ಕೇಳಿ ಕೇಳಿ ಹಿಡಿಸಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಿಡಿಸಿಲ್ಲ. ಈಗಲೂ ಅವರು ನನಗೆ ಎಣಿಸುವವರ ಹಾಗೆಯೇ ಕಾಣುತ್ತಾರೆ. ಹೇಳಬೇಕಾದ ಒಳ್ಳೆಯ ಕುಹಕಗಳೂ ಹೊಳೆಯುತ್ತವೆ. ಭಾನುವಾರ ಬರುತ್ತದೆ, ಅವನ್ನು ಹೇಳಲು ಯಾರೂ ಇರುವುದಿಲ್ಲ.

ಅಕ್ಕನ ಮನೆಗೆ ಮತ್ತೆ ಹೋಗಿ ಬರತೊಡಗಿದ್ದೇನೆ. ಒಮ್ಮೆ ಕೇಳಿದೆ, 'ನಿನಗೆ ಯಾವುದು ಇಷ್ಟ ಆಗ್ತಿತ್ತು ಅಕ್ಕ? ಅವರದಾ, ನನ್ನದಾ?'

'ಈಗ ಕೇಳ್ತಿದೀಯಲ್ಲೋ' ಎಂದಳು. ಬೇಸರವೇನೂ ಇರಲಿಲ್ಲ ದನಿಯಲ್ಲಿ. 'ಅವರದೇ. ಮಗ್ಗಿ ಆದ್ರೂ ಕೈಗೆ ಕೆಲಸ ಸಾಗುತ್ತೆ. ನಿನ್ನದು ಹಾಕಿದ್ರೆ ಸಾರಿಗೆ ಉಪ್ಪು ಹಾಕಿದ್ನೋ ಇಲ್ವೋ ಅನ್ನೋದೇ ಮರ್ತೋಗೋದು. ಎಷ್ಟು ದಿನ ಅವರು ಉಪ್ಪಿಲ್ಲದ ಸಾರು ಉಂಡಿದಾರೆ ನಿನ್ನ ದೆಸೆಯಿಂದ.'

ಇಬ್ಬರೂ ನಕ್ಕೆವು. ಅವರು ಹೋದ ಮೇಲೆ ಆ ಮನೆಯಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಹೋದ ತಿಂಗಳು ಪೆಟ್ಟಿಗೆಯಿಂದ ಒಂದು ಕ್ಯಾಸೆಟ್ ತೆಗೆದು ಬಿ ಸೈಡ್ ಹಾಕಿದೆ. ಅಕ್ಕ ಎಂದೂ ಕೇಳಿರದ, ಜಗಲಿಯ ಮಾತಿಗೆ ಸ್ವಲ್ಪ ಮುಂಚಿನ ಕ್ಯಾಸೆಟ್ ಅದು, ಅವಳು ಶಿವಮೊಗ್ಗದಲ್ಲಿದ್ದಾಗ ಭಾವ ಒಬ್ಬರೇ ಕೇಳಲು ಪ್ರಯತ್ನಿಸಿದ್ದು. ಮೆಲ್ಲನೆಯ ಭಾಗ ಬಂತು. ಯಾವುದೋ ವಾದ್ಯ, ಹೆಸರು ನನಗೂ ಗೊತ್ತಿಲ್ಲ, ಒಂದೇ ಸ್ವರವನ್ನು ಎತ್ತಿ ಎತ್ತಿ ಇಡುತ್ತಿತ್ತು.

'ಇದು ಹೇಗಿದೆ ಅಕ್ಕ?'

'ಚೆನ್ನಾಗಿದೆ.'

'ಹಾಗಲ್ಲ. ಭಾವ ಕೇಳಿದ್ರೆ ಏನಂತ ಹೇಳ್ತಿದ್ದೆ?'

ಅವಳು ತಲೆ ಬಗ್ಗಿಸಿ ಕೇಳಿದಳು. ತುಟಿ ಅಲುಗಿತು, ಏನೋ ಬಂತೆನಿಸಿತು. ಆಮೇಲೆ ತಲೆಯಾಡಿಸಿದಳು.

'ಅವರು ಎದುರಿಗೆ ಕೂತು ನನ್ನ ಬಾಯಿ ನೋಡ್ತಿದ್ರು ಕಣೋ. ಏನಾದ್ರೂ ಹೇಳ್ಲೇಬೇಕಿತ್ತು, ಅದಕ್ಕೆ ಬರ್ತಿತ್ತು. ಈಗ ಬರಲ್ಲ.'

ನಾನು ಎದ್ದು ಚಾಪೆ ಸರಿಸಿ ಅವಳ ಎದುರಿಗೆ ಕೂತೆ. ಅವಳು ನನ್ನನ್ನು ನೋಡಿದಳು, ಟೇಪನ್ನು ನೋಡಿದಳು. ಸೈಡ್ ಮುಗಿಯುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದೆವು. ಅವಳಿಗೆ ಮಾತು ಬರಲಿಲ್ಲ.